ಏಳೆಂಟ್ಲೆ

ಬೆಳಗಿನ ಮಾತ್ರೆ ನುಂಗಬೇಡಿ, ಹಾಗೇ ಬನ್ನಿ ಅಂದಿದ್ದಳು.
ಹಾಗೇ ಹೋದೆ. ಪಿ.ಬಿ. ರಸ್ತೆ ದಾಟುವಷ್ಟರಲ್ಲಿ
ಸಿಗ್ನಲ್ಲು ಎರಡು ಸಲ ಹಸಿರಾಗಿ ಕೆಂಪಾಯಿತು,
ನನ್ನ ಬಲಗಾಲು ಇನ್ನೂ ಯೋಚಿಸುತ್ತಿತ್ತು.

ಆಸ್ಪತ್ರೆಯ ಮೂರನೇ ಮಹಡಿ. ಕಂಪ್ಯೂಟರಿನ ಮುಂದೆ ನಾನು,
ಪಕ್ಕದಲ್ಲಿ ನಾಗವೇಣಿ. ಮೊಮ್ಮಗಳ ವಯಸ್ಸು, ಡಾಕ್ಟರ ದನಿ.
ಯಾವ ದೇಶದವೋ ಅಕ್ಷರ, ಜೋಡಿ ಜೋಡಿಯಾಗಿ ಬರುತ್ತವೆ.
ಒಂದನ್ನು ಒತ್ತಬೇಕು. ಯಾಕೆ ಅಂತ ಕೇಳುವಂತಿಲ್ಲ.
ಹಸಿರು ಬಂದರೆ ಸರಿ. ಕೆಂಪು ಬಂದರೆ ತಪ್ಪು.
ಮೂವತ್ತನಾಲ್ಕು ವರ್ಷ ಕೆಂಪು ಶಾಯಿ ಸುರಿಸಿದವನು
ಗಾಜಿನ ಮುಂದೆ ಬೆವರಿದೆ.

ಮಧ್ಯಾಹ್ನ ಮಾತ್ರೆ ಕೊಟ್ಟು, ಮುಕ್ಕಾಲು ಗಂಟೆ ಕೂರಿಸಿ,
ಬೇರೆ ಅಕ್ಷರ, ಅದೇ ಆಟ.
ಆಮೇಲೆ ಹಾಳೆ ತಿರುಗಿಸಿ ತೋರಿಸಿದಳು:
ಮಾತ್ರೆ ಇಲ್ಲದಾಗ ನೀವು, ಸಾರ್, ಪೆಟ್ಟು ತಿಂದ ಕಡೆ ಮತ್ತೆ ಹೋಗುವುದಿಲ್ಲ.
ಮಾತ್ರೆ ಇದ್ದಾಗ ಸಿಕ್ಕ ಕಡೆ ಓಡುತ್ತೀರಿ, ಪೆಟ್ಟು ನೆನಪಿಡುವುದಿಲ್ಲ.
ಒಂದೇ ತಲೆ, ಎರಡು ಶಾಲೆ.

ಅವಳು ಹೇಳಿದ್ದನ್ನು ನನ್ನ ಲೆಕ್ಕದಲ್ಲಿ ಬರೆದುಕೊಂಡೆ:
ಬಂದದ್ದರಲ್ಲಿ ಕಾದದ್ದನ್ನು ಕಳೆ.
ಉಳಿದದ್ದೇ ಕಲಿಕೆ.
ಕಾಯದೆ ಬಂದರೆ ಒಳಗೆಲ್ಲೋ ಚಿಲುಮೆ ಏಳುತ್ತದೆ,
ಕಾದೂ ಬರದಿದ್ದರೆ ನಲ್ಲಿ ನಿಲ್ಲುತ್ತದೆ,
ಕಾದಷ್ಟೇ ಬಂದರೆ ಶೇಷ ಸೊನ್ನೆ, ಮಿದುಳು ಆಕಳಿಸುತ್ತದೆ.
ಇಷ್ಟೇನಾ ಅಂದೆ. ಸುಮಾರಾಗಿ ಇಷ್ಟೇ ಅಂದಳು.
ಡಾಕ್ಟರೊಬ್ಬರು ಸುಮಾರು ಅಂದದ್ದು ಮೊದಲ ಸಲ ಕೇಳಿದೆ.

ಬಾಬುಜಾನನಿಗೆ ಏಳರ ಮಗ್ಗಿ ಬರಲೇ ಇಲ್ಲ.
ಬೆಳಗಿನ ಜಾವ ಅಪ್ಪನ ಭಟ್ಟಿಯಲ್ಲಿ ಅಕ್ಕಿ ಹುರಿದು
ಹೊಗೆ ಕುಡಿದ ಅಂಗಿಯಲ್ಲಿ ಹತ್ತಕ್ಕೆ ಶಾಲೆ.
ಏಳೆಂಟ್ಲೆ? ಅಂದರೆ ಹಂಚು ಎಣಿಸುತ್ತಿದ್ದ.
ದಂಡಂ ದಶಗುಣಂ. ಹುಣಸೆ ಬರಲು ಮೇಜಿನ ಬಲಕ್ಕೆ,
ವಾರಕ್ಕೊಂದು ಹೊಸದು, ಅದನ್ನೂ ಅವನೇ ಕಿತ್ತು ತರಬೇಕು.
ಬರೆ ಬಂತು, ಐವತ್ತಾರು ಬರಲಿಲ್ಲ.
ಕಲಿಕೆ ಇಲ್ಲ ಅಂತ ಷರಾ ಬರೆದೆ.

ಇತ್ತು. ಇವತ್ತು ತಿಳಿಯಿತು, ಚೆನ್ನಾಗಿಯೇ ಇತ್ತು.
ನೋವಿಗೆ ಮುಂಚೆ ಏನು ಬರುತ್ತದೆ ಅಂತ ಆ ಪುಟ್ಟ ತಲೆ ಹುಡುಕಿ
ಸರಿಯುತ್ತರವನ್ನೇ ಬರೆದಿತ್ತು:
ಏಳಲ್ಲ, ಎಂಟಲ್ಲ,
ನಾನು.
ನನ್ನ ಚಪ್ಪಲಿ ಸಪ್ಪಳ. ಕನ್ನಡಕ ಒರೆಸುವ ರೀತಿ.
ಮಂಗಳವಾರದ ಎರಡನೇ ಪಿರಿಯಡ್ಡು.
ಮಂಗಳವಾರ ಅವನು ಇರುತ್ತಿರಲಿಲ್ಲ.

ಅದೇ ಹುಡುಗ ಮರಳಿನ ಸದ್ದು ಕೇಳಿಯೇ
ಅಕ್ಕಿ ಅರಳುವ ಗಳಿಗೆ ಹಿಡಿಯುತ್ತಿದ್ದನಂತೆ.
ಹೊತ್ತಿಗೆ ತೆಗೆದರೆ ಬಿಳಿ, ತಡವಾದರೆ ಕಪ್ಪು.
ಮರಳಿಗೆ ಅವನ ಮೇಲೆ ಸಿಟ್ಟಿರಲಿಲ್ಲ.

ಸಂಜೆ ಆಟೋದವನಿಗೆ ಮನೆ ಅನ್ನುವ ಬದಲು
ಆಜಾದ್ ನಗರ ಅಂದೆ. ಭಟ್ಟಿ ಸಾಲಿನಲ್ಲಿ ಇಳಿದೆ.
"ಬರ್ರಿ ಮೇಷ್ಟ್ರೇ, ಕುಂದರ್ರಿ."
ಬಿಸಿ ಮಂಡಕ್ಕಿ ಬೊಗಸೆಯಲ್ಲಿ ತಂದ.
ತಗೊಳ್ಳಲು ಕೈ ಚಾಚಿದೆ. ಮಾತ್ರೆ ಇಳಿಯುವ ಹೊತ್ತು,
ಕೈ ತನ್ನಷ್ಟಕ್ಕೆ ಇನ್ನೂ ಮೇಲೆದ್ದು ಅದುರಿತು.
ಅವನ ಎಡ ಭುಜ ಕಿವಿಯವರೆಗೆ ಹೋಯಿತು.
ನರೆತ ಗಡ್ಡ, ಮೂರು ಮೊಮ್ಮಕ್ಕಳು, ಸ್ವಂತ ಎರಡು ಭಟ್ಟಿ.
ಭುಜ ಮಾತ್ರ ನಾಲ್ಕನೇ ಕ್ಲಾಸು.
ಅವನೂ ನೋಡಿದ, ನಾನೂ. ಮಂಡಕ್ಕಿ ಚೆಲ್ಲಿತು.

ನಾಗವೇಣಿಯ ಹಾಳೆಯಲ್ಲಿ ಇದಕ್ಕೆ ಕಾಲಂ ಇಲ್ಲ.

ಈಗ ದಿನಾ ಹೋಗುತ್ತೇನೆ. ಆಡಬೇಕಾದ ಮಾತು ಇನ್ನೂ ಆಡಿಲ್ಲ.
ಕೈ ಎತ್ತುತ್ತೇನೆ, ಮಂಡಕ್ಕಿ ತಗೊಳ್ಳುತ್ತೇನೆ, ಅಷ್ಟೇ.
ಭುಜ ಕೆಲವು ದಿನ ಏಳುತ್ತದೆ, ಕೆಲವು ದಿನ ಇಲ್ಲ.
ಹಳೆಯದು ಅಳಿಯುವುದಿಲ್ಲವಂತೆ,
ಅದರ ಮೇಲೇ ಹೊಸದು ಬರೆಯುತ್ತಿರಬೇಕಂತೆ.

ಅಲ್ಲೊಂದು ಮೇಕೆ, ಕಿವಿ ಹರಿದದ್ದು.
ಮುದುಕನ ಕೈ ಚೆಲ್ಲುತ್ತದೆ ಅಂತ ಎರಡೇ ದಿನಕ್ಕೆ ಕಲಿಯಿತು.
ಗಲ್ಲಿಯ ತಿರುವಿನಲ್ಲಿ ನನ್ನ ಚಪ್ಪಲಿ ಸಪ್ಪಳ ಕೇಳಿದರೆ ಸಾಕು,
ಓಡಿ
ಬರುತ್ತದೆ.